ವೃತ್ತದ ಹೊರಗಿದ್ದ ಶ್ರೀನಾಥ್

ಮೊನ್ನೆ ಭಾನುವಾರ ಜೆಪಿ ನಗರದ ಮನೇಲಿ ಕೂತು ಹಳೇ ಮ್ಯಾಚಿನ ಕ್ಲಿಪ್ ಎಡಿಟ್ ಮಾಡ್ತಿದ್ದೆ. ಒಬ್ಬ ಆಟಗಾರನನ್ನು ಎತ್ತಿ ತೋರಿಸೋದು ಸುಲಭ. ಒಂದೇ ವಿಡಿಯೋವನ್ನು ಎರಡು ಲೇಯರಲ್ಲಿಡಿ. ಕೆಳಗಿನದನ್ನು ಮಂಕು ಮಾಡಿ, ಮೇಲಿನದಕ್ಕೆ ದುಂಡಗಿನ ಮಾಸ್ಕ್ ಹಾಕಿ, ಆಟಗಾರ ಓಡಿದಂತೆಲ್ಲ ಕೀಫ್ರೇಮ್‌ನಿಂದ ಅದನ್ನೂ ಸರಿಸುತ್ತಾ ಹೋಗಿ.

ಮ್ಯಾಚು 1999ರ ಫೆಬ್ರವರಿ 7ರದ್ದು, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಎರಡನೇ ಇನಿಂಗ್ಸಲ್ಲಿ ನಮ್ಮ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದ ದಿನ. ಅದಕ್ಕೂ ಮುಂಚೆ ಟೆಸ್ಟಿನಲ್ಲಿ ಹೀಗೆ ಮಾಡಿದ್ದು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಹಾಗಾಗಿ ವೃತ್ತವನ್ನು ಕುಂಬ್ಳೆ ಸುತ್ತಲೇ ಹಾಕಿದೆ.

ಆದರೆ ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದ್ದು ಜಾವಗಲ್ ಶ್ರೀನಾಥ್. ಕೊನೇ ವಿಕೆಟ್ ತನಗೆ ಬೀಳಬಾರದು ಅಂತ ಚೆಂಡನ್ನು ಆಫ್ ಸ್ಟಂಪಿನಿಂದ ದೂರ ದೂರ ಎಸೆದರು, ವೈಡ್ ಕೂಡ ಕೊಟ್ಟರು. ಮುಂದಿನ ಓವರಿನಲ್ಲೇ ಕುಂಬ್ಳೆ ಎಸೆತಕ್ಕೆ ವಾಸಿಂ ಅಕ್ರಂ ಕ್ಯಾಚು ಲಕ್ಷ್ಮಣ್ ಕೈಗೆ. ಸ್ಕೋರ್‌ಕಾರ್ಡಿನಲ್ಲಿ ಶ್ರೀನಾಥ್ ಹೆಸರಿನ ಮುಂದೆ ಸೊನ್ನೆ.

ನಾನು ಬಿಇ ಓದಲಿ ಅಂತ ಊರಲ್ಲೇ ಉಳಿದು ಗದ್ದೆ ನೋಡಿಕೊಂಡ ಅಣ್ಣ ನೆನಪಾದ. ಶ್ರೀನಾಥ್ ಓವರಿಗೂ ಒಂದು ವೃತ್ತ ಹಾಕಿ ಅವನಿಗೆ ಕಳಿಸಿದೆ. 'ಕುಂಬ್ಳೆದು ಎಲ್ಲೋ?' ಅಂತ ಕೇಳಿದ.