ಪದ ಪರಿಚಯ: ಪ್ರೈಮರಿ

ಲ್ಯಾಟಿನ್ನಿನ ‘ಪ್ರೈಮಸ್’ (ಮೊದಲನೆಯದು) ಮೂಲದ ‘ಪ್ರೈಮರಿ’ ನಮಗೆ ಶಾಲೆಯ ಮಾತು. ಅಮೆರಿಕದಲ್ಲಿ ಅದು ಪಕ್ಷದ ಹುರಿಯಾಳನ್ನು ಆರಿಸುವ ಒಳಚುನಾವಣೆ. ವಿಸ್ಕಾನ್ಸಿನ್ 1903ರಲ್ಲೇ ಇದಕ್ಕೆ ಕಾನೂನು ಮಾಡಿತು. ಮತ ಹಾಕಲು ಬರುವವರಲ್ಲಿ ಪಕ್ಷದ ಕಟ್ಟಾ ಅಭಿಮಾನಿಗಳೇ ಹೆಚ್ಚು. ಅವರನ್ನು ಒಲಿಸಲು ಸ್ಪರ್ಧಿಗಳು ಒಬ್ಬರಿಗಿಂತ ಒಬ್ಬರು ಖಾರವಾಗಿ ಮಾತಾಡುತ್ತಾರೆ. ಗೆದ್ದ ಮೇಲೆ ಎಲ್ಲರ ಮತ ಬೇಕಲ್ಲ, ದನಿ ತಗ್ಗುತ್ತದೆ.

2014ರಲ್ಲಿ ಕಾಂಗ್ರೆಸ್ ಈ ಪದವನ್ನು ಇಲ್ಲಿಗೂ ತಂದಿತು. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಗೆದ್ದರು. ವಡೋದರಾದಲ್ಲಿ ಗೆದ್ದವರು ನರೇಂದ್ರ ರಾವತ್. ಆದರೆ ಎದುರಾಳಿ ನರೇಂದ್ರ ಮೋದಿ ಎಂದಾದಾಗ ಟಿಕೆಟ್ ಮಧುಸೂದನ್ ಮಿಸ್ತ್ರಿ ಪಾಲಾಯಿತು. ನಮ್ಮಲ್ಲಿ ಒಲಿಸಬೇಕಾದದ್ದು ಕಾರ್ಯಕರ್ತರನ್ನಲ್ಲ, ಹೈಕಮಾಂಡನ್ನು! ಮೋದಿ 5,70,128 ಮತಗಳ ಅಂತರದಿಂದ ಗೆದ್ದರು.