‘ಏರ್ತಡ’ ಅನ್ನುವ ಮಾತಿನ ಬೆಲೆ

ನಮ್ಮ ನಂದೊಳ್ಳಿ ಕಡೆ ಹವ್ಯಕರ ಮಾತಿಗೆ ಒಂದು ಬಾಲ ಇದೆ: ‘ಅಡ’. ‘ಅಡಿಕೆ ದರ ಏರ್ತಡ’ ಅಂದರೆ ಏರುತ್ತದಂತೆ. ನಾನು ಹೇಳಿದ್ದಲ್ಲ ಮಾರಾಯ, ಎಲ್ಲೋ ಕೇಳಿದ್ದು. ಅದನ್ನು ನಂಬಿ ಯಲ್ಲಾಪುರದ ಟೆಂಡರಿಗೆ ಚೀಲ ಕಳಿಸದೆ ಇನ್ನೊಂದು ವಾರ ಮನೆಯಲ್ಲೇ ಇಟ್ಟುಕೊಂಡರೆ ಯಾರೂ ಕೇಸು ಹಾಕುವುದಿಲ್ಲ. ಅದೇ ಥರದ ಮಾತು ಕೇಳಿ ಬೆಂಗಳೂರಿನಲ್ಲಿ ಕೂತು ಷೇರು ಕೊಂಡರೆ? ಆಗ ಕಾನೂನು ಕೇಳುತ್ತದೆ: ಈ ಮಾತು ಹುಟ್ಟಿದ್ದೆಲ್ಲಿ?

ಹಾಗೆ ಕೇಳುವುದಕ್ಕೆ ನಮ್ಮ ದೇಶ ಬಹಳ ತಡ ಮಾಡಿತು. 1948ರಲ್ಲೇ ಥಾಮಸ್ ಸಮಿತಿ ಕಂಪನಿಯ ಒಳಗಿನವರ ಷೇರು ವ್ಯಾಪಾರದ ಬಗ್ಗೆ ಎಚ್ಚರಿಸಿತ್ತು. 1956ರ ಕಂಪನಿ ಕಾಯ್ದೆ, ನಿರ್ದೇಶಕರ ಷೇರುಗಳ ಲೆಕ್ಕ ಬರೆದಿಡಿ ಅಂದಿತು, ಅಷ್ಟೇ. ನೇರ ನಿಷೇಧ ಬಂದದ್ದು 1992ರಲ್ಲಿ, ಸೆಬಿಯ ನಿಯಮಗಳಿಂದ.

ಅದರ ಮೊದಲ ದೊಡ್ಡ ಪರೀಕ್ಷೆ ಹಿಂದೂಸ್ತಾನ್ ಲಿವರ್ ಪ್ರಕರಣ. 1996ರ ಮಾರ್ಚ್‌ನಲ್ಲಿ ಈ ಕಂಪನಿ ಯುಟಿಐಯಿಂದ ಬ್ರೂಕ್ ಬಾಂಡ್ ಲಿಪ್ಟನ್‌ನ 8 ಲಕ್ಷ ಷೇರು ಕೊಂಡಿತು. ಕೆಲವೇ ವಾರಗಳಲ್ಲಿ ಎರಡೂ ಕಂಪನಿಗಳ ವಿಲೀನದ ಘೋಷಣೆ! ಎರಡಕ್ಕೂ ಒಡೆಯ ಯೂನಿಲಿವರ್. ಕೊಂಡವರಿಗೆ ಒಳಗುಟ್ಟು ಗೊತ್ತಿತ್ತು, ಮಾರಿದವರಿಗೆ ಗೊತ್ತಿರಲಿಲ್ಲ ಎಂದ ಸೆಬಿ, 1998ರಲ್ಲಿ ಯುಟಿಐಗೆ ಸುಮಾರು 3 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಕಂಪನಿ ಮೇಲ್ಮನವಿಗೆ ಹೋಯಿತು. ವಿಲೀನದ ಸುದ್ದಿ ಪೇಪರಿನಲ್ಲೇ ಬಂದಿತ್ತಲ್ಲ, ಊರಿಗೆಲ್ಲ ಗೊತ್ತಿದ್ದದ್ದು ಗುಟ್ಟು ಹೇಗಾಗುತ್ತದೆ? ಮೇಲ್ಮನವಿ ಪ್ರಾಧಿಕಾರ ಈ ವಾದ ಒಪ್ಪಿತು, ಆದೇಶ ಬಿದ್ದುಹೋಯಿತು.

ಆದರೆ ಪೇಪರ್ ಓದಿದವನಿಗೆ ಅದು ‘ಅಡ’, ಒಳಗೆ ಕೂತವನಿಗೆ ಖಾತ್ರಿ. ಈ ವ್ಯತ್ಯಾಸವನ್ನು ಕಾನೂನು ಆಮೇಲೆ ಕಲಿತುಕೊಂಡಿತು. ಮಾಧ್ಯಮದ ಊಹಾಪೋಹವನ್ನು ‘ಪ್ರಕಟವಾದ ಮಾಹಿತಿ’ ಅನ್ನುವಂತಿಲ್ಲ ಎಂದು 2002ರ ತಿದ್ದುಪಡಿ ಸ್ಪಷ್ಟಪಡಿಸಿತು. 2015ರ ನಿಯಮ ಇನ್ನೂ ಮುಂದೆ ಹೋಯಿತು: ಪ್ರಕಟವಾಗದ, ಬೆಲೆ ಅಲುಗಿಸಬಲ್ಲ ಮಾಹಿತಿ ಯಾರ ಬಳಿ ಇದೆಯೋ ಅವರೇ ‘ಒಳಗಿನವರು’. ಕುರ್ಚಿ ಬೇಕಿಲ್ಲ, ಕಿವಿ ಸಾಕು.

ಕಂಪನಿಗಳ ಮೇಲೂ ಹೊಣೆ ಬಿತ್ತು. 2020ರ ಇನ್ಫೋಸಿಸ್–ವ್ಯಾನ್‌ಗಾರ್ಡ್ ಒಪ್ಪಂದವನ್ನು ಅಂಥ ಮಾಹಿತಿ ಎಂದು ಗುರುತಿಸಿರಲಿಲ್ಲ ಎಂಬ ಪ್ರಕರಣದಲ್ಲಿ ಇನ್ಫೋಸಿಸ್ ಸಿಇಒ ಸಲೀಲ್ ಪಾರೇಖ್, ಆರೋಪ ಒಪ್ಪದೆ, ಅಲ್ಲಗಳೆಯದೆ, 2024ರಲ್ಲಿ 25 ಲಕ್ಷ ರೂಪಾಯಿ ಕೊಟ್ಟು ಇತ್ಯರ್ಥ ಮಾಡಿಕೊಂಡರು. ಅವರು ಷೇರು ವ್ಯಾಪಾರ ಮಾಡಿದರೆಂಬ ಆರೋಪ ಅದಾಗಿರಲಿಲ್ಲ. ಗುಟ್ಟು ಕಾಯುವ ವ್ಯವಸ್ಥೆಯ ಪ್ರಶ್ನೆಯಾಗಿತ್ತು.

ಹಾಗಂತ ಬರೀ ಅನುಮಾನ ಸಾಲದು. ನೆಂಟಸ್ತಿಕೆ ಇದೆ ಅಂದಮಾತ್ರಕ್ಕೆ ಮಾಹಿತಿ ದಾಟಿತು ಎನ್ನಲಾಗದು ಎಂದು 2022ರಲ್ಲಿ ಪಿಸಿ ಜ್ಯುವೆಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಬೀತಾದರೆ ಮಾತ್ರ ದಂಡ ಕನಿಷ್ಠ 10 ಲಕ್ಷ. ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಕ್ರಿಮಿನಲ್ ಕೇಸಾದರೆ 10 ವರ್ಷದವರೆಗೆ ಜೈಲೂ ಆಗಬಹುದು.

ಹಾಗಾಗಿ ನಾಳೆ ಗೆಳೆಯ ಕಾಫಿ ಕುಡಿಯುತ್ತ ‘ರಿಸಲ್ಟ್ ಜೋರಿದ್ದಡ’ ಅಂದರೆ, ಮೊಬೈಲ್ ತೆಗೆಯುವ ಮೊದಲು ಊರಿನ ಅಜ್ಜಿಯ ಹಾಗೆ ಒಂದು ಪ್ರಶ್ನೆ ಕೇಳಿ: ಯಾರು ಹೇಳಿದ್ದು?