ಬಬಲ್
ಅಮೆರಿಕದ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಅಲ್ಪವೆಚ್ಚದ ಚಿತ್ರ (2005). ಒಹಾಯೊ–ವೆಸ್ಟ್ ವರ್ಜೀನಿಯಾ ಗಡಿಯ ಸಣ್ಣ ಊರು. ಗೊಂಬೆ ಕಾರ್ಖಾನೆಯಲ್ಲಿ ದುಡಿಯುವ ಮಾರ್ತಾ ಮತ್ತು ಕೈಲ್. ಇವರ ಒಡನಾಟದ ನಡುವೆ ರೋಸ್ ಎಂಬ ಹೊಸಬಳು ಬರುತ್ತಾಳೆ, ಕೊಲೆಯೊಂದು ನಡೆಯುತ್ತದೆ. ಕೋಲ್‌ಮನ್ ಹಾಫ್ ಕೊಟ್ಟದ್ದು ಕಥೆಯ ಹಂದರ; ಮಾತುಗಳನ್ನು ಬಹುಮಟ್ಟಿಗೆ ಕಟ್ಟಿಕೊಂಡವರು ಪಾತ್ರಧಾರಿಗಳೇ. ಅವರೆಲ್ಲ ಆ ಸೀಮೆಯ ಜನ, ನಟನೆ ಅವರ ಕಸುಬಲ್ಲ. ಮಾರ್ತಾಳಾದ ಡೆಬ್ಬಿ ಡೋಬರೈನರ್ ಕೆಎಫ್‌ಸಿ ಮಳಿಗೆಯೊಂದರಲ್ಲಿ ಕೆಲಸಕ್ಕಿದ್ದವರು. ಪೊಲೀಸರ ಎದುರು ಕುಳಿತಾಗಿನ ಅವರ ಮುಖ ಮರೆಯುವಂಥದಲ್ಲ. ಕೊಲೆಗಿಂತಲೂ ಕಾಡುವುದು ಅಚ್ಚಿನಿಂದ ಹೊರಬರುವ ಗೊಂಬೆತಲೆಗಳು, ಊಟದ ಬಿಡುವಿನ ಮೌನ, ಸಾಲದ ಸಂಬಳ. 2006ರ ಜನವರಿಯಲ್ಲಿ ಚಿತ್ರಮಂದಿರ, ಕೇಬಲ್ ವಾಹಿನಿಗಳಲ್ಲಿ ಒಂದೇ ದಿನ ಬಂತು. ಡಿವಿಡಿ ಕೆಲವೇ ದಿನಗಳಲ್ಲಿ. ಈ ಕಾರಣಕ್ಕೆ ಅನೇಕ ಚಿತ್ರಮಂದಿರಗಳ ಮಾಲೀಕರು ಚಿತ್ರವನ್ನು ಪ್ರದರ್ಶಿಸಲು ಒಪ್ಪಲಿಲ್ಲ.